ಗಡಸು ನೀರು: ಮನೆಯಲ್ಲಿ ಮಾಡಬೇಕಾದುದು, ಮಾಡಬಾರದುದು

ಬೇಸಿಗೆ ಕಾಲಿಟ್ಟು ಕೆರೆ-ಬಾವಿಗಳು ಬತ್ತಿ, ಊರಿಗೆ ಊರೇ ಕೊಳವೆಬಾವಿಯ ನೀರನ್ನು ಆಶ್ರಯಿಸುವ ದಿನಗಳಲ್ಲಿ ನನ್ನ ಚಿಕಿತ್ಸಾಲಯಕ್ಕೆ ಬರುವವರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. ಸ್ನಾನದ ಹಂಡೆಯ ಒಳಮೈಯಿಂದಲೋ ಚಹದ ಪಾತ್ರೆಯ ತಳದಿಂದಲೋ ಕೆರೆದು ತೆಗೆದ ಬಿಳಿಯ ಪೊರೆಯನ್ನು ಕೆಲವರು ಕಾಗದದಲ್ಲಿ ಕಟ್ಟಿಕೊಂಡೇ ಬರುತ್ತಾರೆ. “ಹಂಡೇಕ ಇಷ್ಟು ಕಟ್ಟೈತಿ ಅಂದ್ರ ನಮ್ಮ ಹೊಟ್ಟ್ಯಾಗ ಎಷ್ಟು ಕಟ್ಟಿರಬೇಕ್ರಿ?” ಎಂಬುದು ಅವರ ಆತಂಕ. ಗದಗ, ಕೊಪ್ಪಳ, ಬಾಗಲಕೋಟೆ, ವಿಜಯಪುರದ ಕಡೆಯ ಓದುಗರಿಗೆ ಈ ಪೊರೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಆದರೆ ಅದಕ್ಕೆ ಹೆದರುವ ನಾವು ಹೆದರಬೇಕಾದುದಕ್ಕೆ ಹೆದರುತ್ತಿಲ್ಲವೆಂಬ ಸಂಗತಿ ನನಗೇ ತಡವಾಗಿ ತಿಳಿಯಿತು. ಅದನ್ನು ಮುಂದೆ ಹೇಳುತ್ತೇನೆ.

ಮಳೆಯ ನೀರು ಆಕಾಶದಿಂದ ಇಳಿಯುವಾಗ ಮೆದುವಾಗಿಯೇ ಇರುತ್ತದೆ. ಗಾಳಿಯಲ್ಲಿ, ಅದಕ್ಕಿಂತ ಹೆಚ್ಚಾಗಿ ಮಣ್ಣಿನೊಳಗೆ ಇರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಅದು ಅಲ್ಪ ಆಮ್ಲಗುಣವನ್ನು ಪಡೆಯುತ್ತದೆ. ಆ ಬಲದಿಂದ ಭೂಮಿಯೊಳಗಿನ ಸುಣ್ಣದ ಅಂಶವನ್ನು ಕರಗಿಸಿಕೊಳ್ಳುತ್ತ ಕೆಳಗಿಳಿಯುತ್ತದೆ. ಹೀಗೆ ನೀರಿನಲ್ಲಿ ಸೇರಿದ ಕ್ಯಾಲ್ಸಿಯಂ ಮತ್ತು ಮ್ಯಾಗ್ನೀಸಿಯಂ ಲವಣಗಳೇ ಗಡಸುತನಕ್ಕೆ ಕಾರಣ. ನೀರಿನ ಗುಣವು ಅದು ಹಾದುಬಂದ ನೆಲವನ್ನು ಅವಲಂಬಿಸಿದೆ ಎಂಬ ಅರಿವು ನಮ್ಮ ಆಚಾರ್ಯರಿಗೆ ಸ್ಪಷ್ಟವಾಗಿಯೇ ಇತ್ತು. ಸುಶ್ರುತಸಂಹಿತೆಯ ಸೂತ್ರಸ್ಥಾನದ 45ನೆಯ ಅಧ್ಯಾಯದಲ್ಲಿ ಆಕಾಶದ ನೀರನ್ನೂ ಭೂಮಿಯ ನೀರನ್ನೂ ಬೇರ್ಪಡಿಸಿ, ಬಾವಿ, ನದಿ, ಸರೋವರ, ಕೆರೆ, ಝರಿ ಮೊದಲಾಗಿ ಭೂಮಿಯ ನೀರನ್ನು ಏಳು ಬಗೆಯಾಗಿ ವಿಂಗಡಿಸಲಾಗಿದೆ. ಮಳೆಯ ನೀರನ್ನು ಪರೀಕ್ಷಿಸುವ ವಿಧಾನವೂ ಅಲ್ಲಿದೆ: ಅನ್ನದ ಉಂಡೆಯನ್ನು ಬೆಳ್ಳಿಯ ಪಾತ್ರೆಯಲ್ಲಿಟ್ಟು ಮಳೆಗೆ ಒಡ್ಡಬೇಕು, ಒಂದು ಮುಹೂರ್ತ ಕಳೆದರೂ ಅದರ ಬಣ್ಣ, ರೂಪ ಕೆಡದಿದ್ದರೆ ಆ ನೀರು ಗ್ರಾಹ್ಯ. ಪರೀಕ್ಷೆಯ ರೀತಿ ಇಂದು ಬದಲಾಗಿದೆ. ಪರೀಕ್ಷಿಸದೆ ಕುಡಿಯಬಾರದೆಂಬ ನಿಲುವು ಹಳೆಯದೇ.

ಇಂದಿನ ಅಳತೆಯಲ್ಲಿ ಗಡಸುತನವನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಹೇಳುತ್ತಾರೆ. ಭಾರತೀಯ ಮಾನಕ ಸಂಸ್ಥೆಯ ಕುಡಿಯುವ ನೀರಿನ ಮಾನಕದ ಪ್ರಕಾರ 200 ಮಿಲಿಗ್ರಾಂವರೆಗೆ ಒಪ್ಪತಕ್ಕದ್ದು. ಬೇರೆ ಜಲಮೂಲವೇ ಇಲ್ಲದಿದ್ದಲ್ಲಿ 600ರವರೆಗೆ ಅನುಮತಿಯುಂಟು. ವಿಶ್ವ ಆರೋಗ್ಯ ಸಂಸ್ಥೆಯು ಗಡಸುತನಕ್ಕೆ ಆರೋಗ್ಯದ ಆಧಾರದ ಮೇಲೆ ಯಾವ ಮಿತಿಯನ್ನೂ ವಿಧಿಸಿಲ್ಲ ಎಂಬುದನ್ನು ಇಲ್ಲಿಯೇ ನೆನಪಿನಲ್ಲಿಟ್ಟುಕೊಳ್ಳಬೇಕು.

ಹಾಗಾದರೆ ಮೂತ್ರಪಿಂಡದ ಕಲ್ಲು? ಪಾತ್ರೆಯ ಪೊರೆಯನ್ನು ಕಂಡವರು ಅದನ್ನೇ ಅಶ್ಮರಿಯ ಬೀಜವೆಂದು ಭಾವಿಸುವುದು ಸಹಜ. ಆದರೆ ಗಡಸು ನೀರು ಕುಡಿದುದರಿಂದಲೇ ಕಲ್ಲಾಗುತ್ತದೆಂಬುದು ಸಿದ್ಧವಾಗಿಲ್ಲ. ಪಾತ್ರೆಯಲ್ಲಿ ಪೊರೆ ಕಟ್ಟುವುದು ನೀರು ಕುದಿಯುವುದರಿಂದ. ನಮ್ಮ ಹೊಟ್ಟೆಯಲ್ಲಿ ನೀರು ಕುದಿಯುವುದಿಲ್ಲ. ಬದಲಿಗೆ ಆಹಾರದೊಡನೆ ಸೇರುವ ಕ್ಯಾಲ್ಸಿಯಂ ಕರುಳಿನಲ್ಲಿ ಆಕ್ಸಲೇಟನ್ನು ಹಿಡಿದಿಟ್ಟು ಮಲದೊಡನೆ ಹೊರಗೆ ಕಳುಹಿಸುತ್ತದೆ. ನಮ್ಮ ಬಿಸಿಲ ನಾಡಿನಲ್ಲಿ ಕಲ್ಲಿಗೆ ಮುಖ್ಯ ಕಾರಣ ಹೊಲದಲ್ಲಿ ಬೆವರು ಸುರಿಸಿ ಸಾಕಷ್ಟು ನೀರು ಕುಡಿಯದಿರುವುದು. “ನೀರು ಸರಿ ಇಲ್ಲ” ಎಂದು ಹೆದರಿ ಕುಡಿಯುವುದನ್ನೇ ಕಡಿಮೆ ಮಾಡಿ ಕಲ್ಲು ತಂದುಕೊಂಡವರನ್ನು ನಾನು ಕಂಡಿದ್ದೇನೆ. ಒಮ್ಮೆ ಕಲ್ಲಾದವರು ದಿನಕ್ಕೆ ಎರಡೂವರೆ ಲೀಟರಿನಷ್ಟು ಮೂತ್ರ ಹೋಗುವಂತೆ ನೀರು ಕುಡಿಯಬೇಕು. ಹೃದಯ ಅಥವಾ ಮೂತ್ರಪಿಂಡದ ದೌರ್ಬಲ್ಯವಿದ್ದವರು ಮಾತ್ರ ವೈದ್ಯರನ್ನು ಕೇಳಿ ಪ್ರಮಾಣ ನಿಶ್ಚಯಿಸಿಕೊಳ್ಳಲಿ. ಸಲ್ಫೇಟ್ ಲವಣ ಹೆಚ್ಚಿರುವ ನೀರಿನಿಂದ ಊರಿಗೆ ಹೊಸದಾಗಿ ಬಂದವರಿಗೆ ಕೆಲವು ದಿನ ಭೇದಿಯಾಗುವುದುಂಟು. ಅದು ತಾನಾಗಿಯೇ ಸರಿಹೋಗುತ್ತದೆ.

ಚರ್ಮ ಮತ್ತು ಕೂದಲಿಗೆ ಆಗುವ ತೊಂದರೆ ನಿಜವಾದದ್ದು. ಸಾಬೂನು ಗಡಸು ನೀರಿನ ಕ್ಯಾಲ್ಸಿಯಮ್ಮಿನೊಡನೆ ಕೂಡಿ ಜಿಗುಟಾದ ಕೊಳೆಯಾಗಿ ಮೈಮೇಲೆ ಉಳಿಯುತ್ತದೆ, ಇದರಿಂದ ತುರಿಕೆ ಮತ್ತು ರೂಕ್ಷತೆ ಉಂಟಾಗುತ್ತದೆ. ಆದರೂ ಇಸುಬಿಗೆ ನೀರೊಂದನ್ನೇ ಹೊಣೆಯಾಗಿಸಲಾಗದು. ಇಂಗ್ಲೆಂಡಿನಲ್ಲಿ ಇಸುಬಿದ್ದ ಮುನ್ನೂರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮನೆಗೆ ನೀರು ಮೆದುಗೊಳಿಸುವ ಯಂತ್ರ ಹಾಕಿಸಿದುದರಿಂದ ಹೆಚ್ಚಿನ ಗುಣವೇನೂ ಕಾಣಲಿಲ್ಲ. ನಮ್ಮ ಹಿರಿಯರ ಸೀಗೆಕಾಯಿ, ಅಂಟುವಾಳ, ಹೆಸರುಹಿಟ್ಟು ಇಲ್ಲಿ ಬಹಳ ಸಹಕಾರಿ. ಸೀಗೆ, ಅಂಟುವಾಳಗಳ ನೊರೆ ಬರುವುದು ಸಾಬೂನಿನಿಂದಲ್ಲ, ಸ್ಯಾಪೊನಿನ್ ಎಂಬ ದ್ರವ್ಯದಿಂದ. ಅದು ಗಡಸು ನೀರಿನಲ್ಲಿ ಸಾಬೂನಿನಂತೆ ಒಡೆದು ಕೊಳೆಯಾಗುವುದಿಲ್ಲ. ಸ್ನಾನಕ್ಕೆ ಮೊದಲು ಎಣ್ಣೆ, ಕಡೆಯ ಎರಡು ತಂಬಿಗೆ ಮೆದುನೀರು, ಇಷ್ಟನ್ನು ರೂಢಿಸಿಕೊಂಡರೆ ಬಹಳ ಮಂದಿಗೆ ಬೇರೆ ಲೇಪನ ಬೇಕಾಗುವುದಿಲ್ಲ.

ಇನ್ನು ಅಡುಗೆಮನೆ. ದಾಸೋಹದ ಹಿರಿಯ ಬಾಣಸಿಗರೊಬ್ಬರು ಹೊಸ ಬೋರಿನ ನೀರು ಬಂದರೆ ಮೊದಲು ಒಂದು ಹಿಡಿ ತೊಗರಿಬೇಳೆಯನ್ನು ಬೇಯಿಸಿ ನೋಡುತ್ತಿದ್ದರು. ಬೇಳೆ ಕರಗಿದರೆ ನೀರು ಪಾಸು, ಕಾಳು ಕಾಳಾಗಿ ನಿಂತರೆ ನಪಾಸು. ಬೇಳೆಯ ಕೋಶಗಳನ್ನು ಅಂಟಿಸಿರುವ ಪೆಕ್ಟಿನ್ನನ್ನು ಕ್ಯಾಲ್ಸಿಯಂ ಇನ್ನಷ್ಟು ಬಿಗಿಗೊಳಿಸುವುದರಿಂದ ಹೀಗಾಗುತ್ತದೆ. ಆದ್ದರಿಂದ ಗಡಸುತನದ ಮಟ್ಟಿಗೆ ಈ ಪರೀಕ್ಷೆ ಸರಿಯಾದುದೇ. ಬೇಳೆ ಬೇಯಲೆಂದು ಅಡುಗೆ ಸೋಡಾ ಹಾಕುವುದು ಮಾತ್ರ ಒಳ್ಳೆಯದಲ್ಲ. ಥಯಮಿನ್ ಎಂಬ ಜೀವಸತ್ವವನ್ನು ಅದು ಕೆಡಿಸುತ್ತದೆ. ಕುದಿಸಿ ತಿಳಿಗೊಳಿಸಿದ ನೀರಿನಲ್ಲಿ ಬೇಳೆಯನ್ನು ಮೊದಲೇ ನೆನೆಯಿಟ್ಟರೆ ಸಾಕು.

ಬೇಳೆ ಬೇಯಿಸದೆಯೂ ಗಡಸುತನವನ್ನು ಅಂದಾಜು ಮಾಡಬಹುದು. ಒಂದೇ ಅಳತೆಯ ಎರಡು ಬಾಟಲಿಗಳಲ್ಲಿ, ಒಂದಕ್ಕೆ ಬೋರಿನ ನೀರನ್ನೂ ಇನ್ನೊಂದಕ್ಕೆ ಶುಚಿಯಾಗಿ ಹಿಡಿದ ಮಳೆಯ ನೀರನ್ನೂ ಅರ್ಧದಷ್ಟು ತುಂಬಿ, ನಿಜವಾದ ಸಾಬೂನನ್ನು ಕರಗಿಸಿದ ನೀರನ್ನು ಹನಿಹನಿಯಾಗಿ ಹಾಕಿ ಕುಲುಕಬೇಕು. ನೊರೆ ನಿಲ್ಲಲು ಬೇಕಾದ ಹನಿಗಳ ಸಂಖ್ಯೆಯೇ ವ್ಯತ್ಯಾಸವನ್ನು ಹೇಳುತ್ತದೆ. ಇದಕ್ಕೆ ಶಾಂಪೂ, ಡಿಟರ್ಜೆಂಟ್ ಪುಡಿ ಬಳಸಬಾರದು. ಅವು ಗಡಸು ನೀರಿನಲ್ಲಿಯೂ ನೊರೆ ಕೊಡುತ್ತವೆ.

ಗಡಸುತನದಲ್ಲಿ ಎರಡು ಬಗೆ. ಬೈಕಾರ್ಬೊನೇಟಿನಿಂದ ಆದುದು ತಾತ್ಕಾಲಿಕ. ಐದರಿಂದ ಹತ್ತು ನಿಮಿಷ ಚೆನ್ನಾಗಿ ಕುದಿಸಿ, ರಾತ್ರಿಯಿಡೀ ಅಲುಗಾಡಿಸದೆ ಇಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನು ಬಗ್ಗಿಸಿಕೊಂಡರೆ ಅದರ ಬಹುಭಾಗ ತಳದಲ್ಲಿ ಬಿಳಿಯ ಗಸಿಯಾಗಿ ಉಳಿಯುತ್ತದೆ. ನೀವು ಕಾಗದದಲ್ಲಿ ಕಟ್ಟಿ ತರುವ ಪೊರೆ ಇದೇ: ಕ್ಯಾಲ್ಸಿಯಂ ಕಾರ್ಬೊನೇಟ್, ಎಂದರೆ ಸೀಮೆಸುಣ್ಣದ ವಸ್ತು. ಪಾತ್ರೆಗೆ ಕಟ್ಟಿದಷ್ಟು ನಿಮ್ಮ ಲೋಟದಿಂದ ಹೊರಗೆ ಹೋಯಿತೆಂದೇ ತಿಳಿಯಬೇಕು. ಸಲ್ಫೇಟ್ ಮತ್ತು ಕ್ಲೋರೈಡುಗಳಿಂದಾದುದು ಶಾಶ್ವತ ಗಡಸುತನ. ಕುದಿಸಿದರೆ ಅದು ಹೋಗುವುದಿಲ್ಲ. ಬಟ್ಟೆ ಒಗೆಯುವ ನೀರಿಗಾದರೆ ವಾಷಿಂಗ್ ಸೋಡಾ ಎರಡೂ ಬಗೆಯನ್ನು ತೆಗೆಯುತ್ತದೆ. ಗಡಸುತನ 400 ಮಿಲಿಗ್ರಾಂ ಇರುವ 20 ಲೀಟರ್ ನೀರಿಗೆ ಒಣಪುಡಿಯಾದರೆ 8ರಿಂದ 9 ಗ್ರಾಂ, ಹರಳಾದರೆ ಸುಮಾರು 23 ಗ್ರಾಂ ಬೇಕು. ಬೆಚ್ಚನೆಯ ನೀರಿನಲ್ಲಿ ಕರಗಿಸಿ ಗಸಿ ಇಳಿಯಲು ಬಿಟ್ಟು ಬಳಸಬೇಕು. ಈ ನೀರು ಕುಡಿಯಲು, ಅಡುಗೆಗೆ, ಮಕ್ಕಳ ಸ್ನಾನಕ್ಕೆ ಸಲ್ಲದು.

ಪೊರೆ ತೆಗೆಯಲು ನಿಂಬೆರಸ, ಹುಣಸೆಯ ಕಿವುಚು, ವಿನೆಗರ್, ಯಾವುದಾದರೂ ಸಾಕು. ಉಕ್ಕಿನ ಪಾತ್ರೆಯಲ್ಲಿ ಹಾಕಿ ಬೆಚ್ಚಗೆ ಮಾಡಿ ಒಂದು ಗಂಟೆ ಬಿಟ್ಟು ತೊಳೆಯಿರಿ. ಬ್ಲೀಚಿಂಗ್ ಪುಡಿಯೊಡನೆ ಹುಳಿಯನ್ನು ಎಂದೂ ಬೆರೆಸಬೇಡಿ, ವಿಷಾನಿಲ ಹೊರಡುತ್ತದೆ. ತಾಮ್ರದ ಕೊಡವನ್ನು ಹುಳಿಯಿಂದ ತಿಕ್ಕಿದ ಮೇಲೆ ಚೆನ್ನಾಗಿ ತೊಳೆಯದೆ ನೀರು ತುಂಬಬಾರದು. ಇಷ್ಟಲಿಂಗಕ್ಕೆ ಬೋರಿನ ನೀರಿನಿಂದ ಮಜ್ಜನ ಮಾಡಿಸಿ ಹಾಗೆಯೇ ಆರಲು ಬಿಟ್ಟರೆ ಕರಿಯ ಕವಚದ ಮೇಲೆ ಬಿಳಿಯ ಚುಕ್ಕೆಗಳು ನಿಲ್ಲುತ್ತವೆಂದು ಕೆಲವು ತಾಯಂದಿರು ಕಳವಳಪಡುತ್ತಾರೆ. ಅದೂ ಇದೇ ಸುಣ್ಣ. ಮಜ್ಜನವಾದೊಡನೆ ಮೆತ್ತನೆಯ ವಸ್ತ್ರದಿಂದ ಒರೆಸಿದರೆ ಸಾಕು; ಹುಳಿ ಹಚ್ಚಿ ತಿಕ್ಕಿ ಕವಚವನ್ನು ಕೆಡಿಸಬಾರದು. ಕತಕಬೀಜ ಅಥವಾ ಪಟಿಕದಿಂದ ಗಡಸುತನ ಹೋಗುವುದೇ ಎಂದು ಕೇಳುವವರೂ ಇದ್ದಾರೆ. ಸುಶ್ರುತರು ಹೇಳಿದ ಏಳು ಜಲಪ್ರಸಾದನಗಳಲ್ಲಿ ಕತಕವೂ ಒಂದು ನಿಜ. ಆದರೆ ಅದು ಬಗ್ಗಡವನ್ನು ತಿಳಿಗೊಳಿಸಬಲ್ಲದೇ ಹೊರತು ಕರಗಿದ ಲವಣವನ್ನು ತೆಗೆಯಲಾರದು. ಪಟಿಕವೂ ಹಾಗೆಯೇ.

ಸಾಫ್ಟನರ್ ಯಂತ್ರವು ಕ್ಯಾಲ್ಸಿಯಮ್ಮನ್ನು ಹಿಡಿದು ಅದರ ಬದಲಿಗೆ ಸೋಡಿಯಮ್ಮನ್ನು ಬಿಡುತ್ತದೆ. ಸೌರ ಹೀಟರ್, ಗೀಸರ್, ಬಟ್ಟೆಯ ಯಂತ್ರಗಳ ಬಾಳಿಕೆಗೆ ಇದು ಒಳ್ಳೆಯದು. ಕುಡಿಯುವ ನಲ್ಲಿಗೆ ಅದನ್ನು ಜೋಡಿಸಬಾರದು. 600 ಮಿಲಿಗ್ರಾಂ ಗಡಸುತನದ ನೀರು ಪೂರ್ತಿ ಮೆದುವಾದಾಗ ಪ್ರತಿ ಲೀಟರಿಗೆ ಸುಮಾರು 275 ಮಿಲಿಗ್ರಾಂ ಸೋಡಿಯಂ ಹೊಸದಾಗಿ ಸೇರಿರುತ್ತದೆ. ರಕ್ತದೊತ್ತಡದವರಿಗೆ ಊಟದ ಉಪ್ಪನ್ನು ಬಿಡಿಸಿ ನೀರಿನಲ್ಲಿ ಕುಡಿಸಿದಂತಾಗುತ್ತದೆ. ಕೊಳವೆಗೆ ಆಯಸ್ಕಾಂತ ಕಟ್ಟಿದರೆ ಗಡಸುತನ ಹೋಗುವುದೆಂಬುದಕ್ಕೆ ನಂಬತಕ್ಕ ಆಧಾರವಿಲ್ಲ.

ಒಮ್ಮೆ ನಮ್ಮ ಮನೆಗೂ ಯಂತ್ರ ಮಾರುವ ಯುವಕನೊಬ್ಬ ಬಂದಿದ್ದ. ಎರಡು ಲೋಟಗಳಲ್ಲಿ ನಮ್ಮ ನೀರನ್ನೂ ತನ್ನ ಯಂತ್ರದ ನೀರನ್ನೂ ಇಟ್ಟು, ಲೋಹದ ಕಡ್ಡಿಗಳನ್ನು ಅದ್ದಿ ವಿದ್ಯುತ್ ಹರಿಸಿದ. ನಮ್ಮ ನೀರು ಕ್ಷಣದಲ್ಲಿ ಕೆಸರಿನ ಬಣ್ಣಕ್ಕೆ ತಿರುಗಿತು, ಅವನದು ತಿಳಿಯಾಗಿಯೇ ಉಳಿಯಿತು. ನನ್ನ ಮನೆಯವರು ಗಾಬರಿಯಾದರು. ವಾಸ್ತವದಲ್ಲಿ ಆ ಕೆಸರು ಕಡ್ಡಿಯಿಂದಲೇ ಬಿಟ್ಟ ಕಬ್ಬಿಣ. ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಕಡ್ಡಿ ಸವೆಯುತ್ತದೆ. ಲವಣವಿಲ್ಲದ ನೀರಿನಲ್ಲಿ ಅಷ್ಟಾಗಿ ಹರಿಯುವುದಿಲ್ಲ. ಅವನ ನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ಮಾಡಿ ತೋರಿಸೆಂದೆ. ಅವನು ಕಡ್ಡಿಗಳನ್ನು ಚೀಲಕ್ಕೆ ಹಾಕಿಕೊಂಡ. ಅವರು ಅದ್ದಿ ತೋರಿಸುವ ಟಿ.ಡಿ.ಎಸ್. ಮೀಟರ್ ಕೂಡ ಒಟ್ಟು ಕರಗಿದ ಲವಣಗಳ ಅಂದಾಜನ್ನಷ್ಟೇ ಕೊಡುತ್ತದೆ. ಅವುಗಳಲ್ಲಿ ನಿರುಪದ್ರವಿ ಎಷ್ಟು, ಉಪದ್ರವಿ ಎಷ್ಟು ಎಂದು ಹೇಳುವುದಿಲ್ಲ.

ಈ ಉಪದ್ರವಿಯ ವಿಚಾರದಲ್ಲಿಯೇ ನಾನು ಎಡವಿದ್ದು. ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಮುಂಡರಗಿ ತಾಲ್ಲೂಕಿನ ಒಂದು ಹಳ್ಳಿಯ ರೈತ ಕುಟುಂಬವು ನನ್ನ ಬಳಿಗೆ ಬರುತ್ತಿತ್ತು. ಊರ ಬೋರಿನ ನೀರು ಸವಳು. ಕೊಡದ ಕಂಠದವರೆಗೆ ಬಿಳಿಪೊರೆ. ಅವರ ಸ್ವಂತ ಹೊಲದಲ್ಲಿ ಕೊರೆಸಿದ ಹೊಸ ಬೋರಿನಲ್ಲಿ ಸಿಹಿನೀರು ಬಿತ್ತು. ಸಾಬೂನು ನೊರೆ ಕೊಡುತ್ತಿತ್ತು, ಬೇಳೆ ಬೆಣ್ಣೆಯಂತೆ ಬೇಯುತ್ತಿತ್ತು, ಪಾತ್ರೆಗೆ ಪೊರೆಯೇ ಇಲ್ಲ. ಶಿವನೇ ಕೊಟ್ಟ ನೀರೆಂದು ಕುಡಿಯಲಾರಂಭಿಸಿದರು. ಅದೇ ದಿನಗಳಲ್ಲಿ ಮನೆಯ ಅಜ್ಜಿಗೆ ಕಫ ಮತ್ತು ಅಗ್ನಿಮಾಂದ್ಯವಿದ್ದುದರಿಂದ ನಾನು ಶಾಸ್ತ್ರೋಕ್ತವಾಗಿ, ಅರ್ಧಕ್ಕೆ ಬತ್ತಿಸಿದ ಉಷ್ಣೋದಕವನ್ನು ಕುಡಿಯಲು ಹೇಳಿದೆ. ವೈದ್ಯರು ಅಜ್ಜಿಗೆ ಹೇಳಿದುದು ಎಲ್ಲರಿಗೂ ಒಳ್ಳೆಯದೇ ಇರಬೇಕೆಂದು ಮನೆಮಂದಿಯೆಲ್ಲ ಅದನ್ನೇ ಕುಡಿದರು. ಆಗ ವರ್ಷ ತುಂಬಿದ್ದ ಮಗುವಿಗೂ ಅದೇ ನೀರು.

ಏಳು ವರ್ಷಗಳ ಬಳಿಕ ಆ ಮಗುವಿನ ತಾಯಿ ಹುಡುಗನನ್ನು ಕರೆತಂದು, ಹಲ್ಲು ಬೆಳ್ಳಗಾಗಲು ದಂತಮಂಜನ ಬೇಕೆಂದರು. ಹೊಸದಾಗಿ ಹುಟ್ಟಿದ ಮುಂಬಲ್ಲುಗಳ ಮೇಲೆ ಸುಣ್ಣ ಬಳಿದಂಥ ಮಚ್ಚೆಗಳು, ನಡುವೆ ಕಂದು ಗೆರೆಗಳು. ತಿಕ್ಕಿದರೆ ಹೋಗುವ ಬಣ್ಣ ಅದಾಗಿರಲಿಲ್ಲ. ದವಡೆಯೊಳಗೆ ಹಲ್ಲು ರೂಪುಗೊಳ್ಳುವಾಗಲೇ ಫ್ಲೋರೈಡ್ ಮಾಡಿಟ್ಟ ಗುರುತು ಅದು. ನೀರನ್ನು ಪರೀಕ್ಷೆಗೆ ಕಳುಹಿಸಿದೆವು. ಫ್ಲೋರೈಡಿಗೆ ಮಾನಕವು ಒಪ್ಪುವ ಪ್ರಮಾಣ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ ಗರಿಷ್ಠ 1.5. ಆ ಸಿಹಿನೀರಿನಲ್ಲಿ ಗರಿಷ್ಠ ಮಿತಿಯ ಇಮ್ಮಡಿಗೂ ಮಿಗಿಲಾಗಿತ್ತು. ಫ್ಲೋರೈಡ್ ಆವಿಯಾಗಿ ಹೋಗುವ ವಸ್ತುವಲ್ಲ. ನೀರು ಅರ್ಧಕ್ಕೆ ಬತ್ತಿದಾಗ ಅದು ಉಳಿದರ್ಧದಲ್ಲಿಯೇ ಇರುತ್ತದೆ. ನಾನು ಹೇಳಿಕೊಟ್ಟ ಕ್ರಮದಿಂದ ಆ ಮನೆಯವರು ಹೆಚ್ಚುಕಡಿಮೆ ಇಮ್ಮಡಿ ಫ್ಲೋರೈಡನ್ನು ಕುಡಿದಿದ್ದರು. ಅಜ್ಜಿಯ ಕುತ್ತಿಗೆ ಮತ್ತು ನಡುವಿನ ಬಿಗಿತಕ್ಕೆ ನಾನು ಸಂಧಿವಾತವೆಂದು ವರ್ಷಗಟ್ಟಲೆ ಎಣ್ಣೆ ಬರೆದುಕೊಟ್ಟಿದ್ದೆ. ಅದರಲ್ಲಿ ನೀರಿನ ಪಾಲೆಷ್ಟು, ವಯಸ್ಸಿನ ಪಾಲೆಷ್ಟು ಎಂದು ಇಂದು ಬಿಡಿಸಿ ಹೇಳಲಾರೆ.

ಸವಳು ನೀರನ್ನು ಬಿಟ್ಟು ಸಿಹಿನೀರನ್ನು ಆರಿಸಿದ್ದೇ ಹೇಗೆ ಮುಳುವಾಯಿತು? ಕ್ಯಾಲ್ಸಿಯಮ್ಮೂ ಫ್ಲೋರೈಡೂ ಕೂಡಿದರೆ ನೀರಿನಲ್ಲಿ ಬಹಳ ಕಡಿಮೆ ಕರಗುವ ಲವಣವಾಗುತ್ತದೆ. ಆದ್ದರಿಂದ ಕ್ಯಾಲ್ಸಿಯಂ ಹೆಚ್ಚಿರುವ ಗಡಸು ನೀರಿನಲ್ಲಿ ಫ್ಲೋರೈಡಿಗೆ ಒಂದು ಕಡಿವಾಣವಿರುತ್ತದೆ. ಕ್ಯಾಲ್ಸಿಯಂ ಕಡಿಮೆಯಾಗಿ ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಿರುವ ಮೆದುವಾದ ಅಂತರ್ಜಲದಲ್ಲಿ ಕಗ್ಗಲ್ಲಿನ ಖನಿಜಗಳಿಂದ ಫ್ಲೋರೈಡ್ ಸರಾಗವಾಗಿ ಕರಗುತ್ತದೆ. ಗಡಸು ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿರುವುದೇ ಇಲ್ಲವೆಂದು ಇದರಿಂದ ಅರ್ಥ ಮಾಡಬಾರದು. ಎರಡೂ ಕೂಡಿರುವ ಬೋರುಗಳು ಬೇಕಾದಷ್ಟಿವೆ. ಪೊರೆಯಾಗಲಿ, ರುಚಿಯಾಗಲಿ, ಬೇಳೆಯಾಗಲಿ, ನೊರೆಯಾಗಲಿ ಫ್ಲೋರೈಡಿನ ಬಗ್ಗೆ ಏನನ್ನೂ ಹೇಳಲಾರವು. ಗೊಬ್ಬರ ಮತ್ತು ತಿಪ್ಪೆಯಿಂದ ಇಳಿಯುವ ನೈಟ್ರೇಟ್ ಕೂಡ ಹಾಗೆಯೇ. ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಹಸುಗೂಸುಗಳಿಗೆ ಅದು ಅಪಾಯಕರ, ಬತ್ತಿಸಿದರೆ ಅದೂ ಹೆಚ್ಚುತ್ತದೆ.

ಆದ್ದರಿಂದ ಅಂದಿನಿಂದ ನನ್ನ ಸಲಹೆಯ ಕ್ರಮವನ್ನು ಬದಲಿಸಿದ್ದೇನೆ. ನೀರನ್ನು ಕುದಿಸುವುದು ಬೇರೆ, ಬತ್ತಿಸುವುದು ಬೇರೆ. ಕ್ರಿಮಿಗಳ ನಾಶಕ್ಕೆ ನೀರು ಮರಳಿದ ಮೇಲೆ ಒಂದು ನಿಮಿಷ ಸಾಕು; ಪಾತ್ರೆಗೆ ಮುಚ್ಚಳವಿರಲಿ. ಪರೀಕ್ಷೆಯಾಗದ ಬೋರಿನ ನೀರನ್ನು ಅರ್ಧಕ್ಕೆ, ಕಾಲಿಗೆ ಬತ್ತಿಸಬೇಡಿ. ಮನೆಯಲ್ಲಿ ಕಷಾಯ ಮಾಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಕ್ವಾಥಕ್ಕೆ ಹದಿನಾರು ಪಾಲು ನೀರು ಹಾಕಿ ಎಂಟನೆಯ ಒಂದು ಭಾಗಕ್ಕೆ ಇಳಿಸುವುದು ಶಾಸ್ತ್ರ. ಔಷಧದ ಸಾರದೊಡನೆ ನೀರಿನ ದೋಷವೂ ಆ ಒಂದು ಭಾಗದಲ್ಲಿ ಸೇರಿರುತ್ತದೆ. ಕಷಾಯಕ್ಕೆ ಮಳೆಯ ನೀರನ್ನೋ ಶುದ್ಧ ನೀರಿನ ಘಟಕದ ನೀರನ್ನೋ ಬಳಸಿ.

ಪರೀಕ್ಷೆ ಕಷ್ಟದ್ದಲ್ಲ. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ನಿನ ಅಡಿಯಲ್ಲಿ ಹಳ್ಳಿಗಳಲ್ಲಿ ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಕಿಟ್ ಬಳಸುವ ತರಬೇತಿ ನೀಡುವ ವ್ಯವಸ್ಥೆಯಿದೆ. ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಜಿಲ್ಲಾ ಮಟ್ಟದ ನೀರಿನ ಪ್ರಯೋಗಾಲಯದಲ್ಲಿ ಅಲ್ಪ ಶುಲ್ಕಕ್ಕೆ ಸಾರ್ವಜನಿಕರ ನೀರನ್ನೂ ಪರೀಕ್ಷಿಸಿಕೊಡುತ್ತಾರೆ. ಗಡಸುತನ, ಒಟ್ಟು ಕರಗಿದ ಲವಣ, ಫ್ಲೋರೈಡ್, ನೈಟ್ರೇಟ್, ಜೊತೆಗೆ ಮಲಜನ್ಯ ಕ್ರಿಮಿ, ಇಷ್ಟನ್ನು ಕೇಳಿ ಬರೆಸಿಕೊಳ್ಳಿ. ಬೇಸಿಗೆಯ ಕೊನೆಗೊಮ್ಮೆ, ಮಳೆಯ ನಂತರ ಒಮ್ಮೆ ನೋಡಿಸಿದರೆ ಉತ್ತಮ; ನೀರಿನ ಮಟ್ಟ ಇಳಿದಂತೆ ಅದರ ಗುಣವೂ ಬದಲಾಗುತ್ತದೆ.

ಫ್ಲೋರೈಡ್ ಅಥವಾ ನೈಟ್ರೇಟ್ ಮಿತಿ ಮೀರಿದ್ದರೆ ಸಾಫ್ಟನರ್ ಪ್ರಯೋಜನವಿಲ್ಲ. ಊರ ಶುದ್ಧ ನೀರಿನ ಘಟಕದ ಅಥವಾ ಮನೆಯ ಆರ್.ಒ. ಯಂತ್ರದ ನೀರು ಕುಡಿಯಲು, ಅಡುಗೆಗೆ ಆಗಬಹುದು. ಅದರ ಪೊರೆಯನ್ನು ಕಾಲಕಾಲಕ್ಕೆ ಬದಲಿಸುತ್ತಿದ್ದಾರೆಯೇ ಎಂದು ಕೇಳುವ ಹಕ್ಕು ನಿಮ್ಮದು. ಆರ್.ಒ. ನೀರಿನಲ್ಲಿ ಸುಣ್ಣದ ಅಂಶ ಹೋಗುವುದರಿಂದ ಊಟದಲ್ಲಿ ರಾಗಿ, ಎಳ್ಳು, ಹಾಲು-ಮಜ್ಜಿಗೆ, ನುಗ್ಗೆಸೊಪ್ಪು ಇರಲಿ. ಫ್ಲೋರೈಡ್ ಪೀಡಿತ ಊರಿನವರಿಗೆ ಇವು ಎರಡು ಪಟ್ಟು ಅವಶ್ಯ. ಯಂತ್ರದಿಂದ ಹೊರಹೋಗುವ ನೀರು ನೆಲ ಒರೆಸಲು, ಶೌಚಕ್ಕೆ ಸಾಕು. ಆ ಸಾರಗಟ್ಟಿದ ನೀರನ್ನು ದನಕ್ಕೆ ಕುಡಿಸಬಾರದು.

ಇವೆಲ್ಲಕ್ಕಿಂತ ನನಗೆ ಮೆಚ್ಚುಗೆಯಾದುದು ಚಾವಣಿಯ ಮಳೆನೀರು. ಅದರಲ್ಲಿ ಗಡಸುತನವೂ ಇಲ್ಲ, ಬಂಡೆಯ ಫ್ಲೋರೈಡೂ ಇಲ್ಲ. ವರ್ಷಕ್ಕೆ 600 ಮಿಲಿಮೀಟರ್ ಮಳೆಯಾಗುವ ಊರಿನಲ್ಲಿ 100 ಚದರ ಮೀಟರ್ ಆರ್.ಸಿ.ಸಿ. ಚಾವಣಿಯಿಂದ, ಐದರಲ್ಲೊಂದು ಪಾಲು ಪೋಲಾದರೂ, 48,000 ಲೀಟರ್ ದೊರೆಯುತ್ತದೆ. ಐದು ಜನರಿಗೆ ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 25 ಲೀಟರಿನಂತೆ ವರ್ಷಕ್ಕೆ ಬೇಕಾಗುವುದು 9,125 ಲೀಟರ್. ಹತ್ತು ಸಾವಿರ ಲೀಟರಿನ ತೊಟ್ಟಿ ಸಾಕು. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ ಪರಂಪರೆ ನಮ್ಮದು. ಒಂದು ತೊಟ್ಟಿ ನಮಗೆ ಭಾರವಾಗಬಾರದು. ಮಳೆಗಾಲಕ್ಕೆ ಮುನ್ನ ಚಾವಣಿಯನ್ನು ಗುಡಿಸಿ ತೊಳೆಯಬೇಕು, ಮೊದಲ ಮಳೆಯನ್ನು ಹೊರಗೆ ಬಿಡಬೇಕು, ಇದ್ದಿಲು-ಮರಳಿನ ಸೋಸುಕ ಮತ್ತು ಬಟ್ಟೆಯ ಮೂಲಕ ಒಳಗೆ ಬಿಡಬೇಕು. ಸೊಳ್ಳೆಯೂ ಬೆಳಕೂ ಹೋಗದಂತೆ ಮುಚ್ಚಿ, ಕುಡಿಯುವ ಮುನ್ನ ಕುದಿಸಬೇಕು. ಮಣ್ಣಿನ ಮಾಳಿಗೆಯ ಮನೆಗಳಿಗೆ ಇದು ಹೊಂದದು. ಅಂಥವರು ಮಠದ ಅಥವಾ ಶಾಲೆಯ ಚಾವಣಿಗೆ ಒಟ್ಟಾಗಿ ತೊಟ್ಟಿ ಕಟ್ಟಿಸಿಕೊಳ್ಳಬಹುದು.

ಆ ರೈತ ಕುಟುಂಬದವರು ಮರುವರ್ಷವೇ ಅಂಗಳದಲ್ಲಿ ತೊಟ್ಟಿ ಕಟ್ಟಿಸಿದರು. ಹುಡುಗನ ಹಲ್ಲಿನ ಮಚ್ಚೆಗಳು ಹಾಗೆಯೇ ಉಳಿದವು. ಅವನ ಬಳಿಕ ಹುಟ್ಟಿದ ತಂಗಿ ಮೊದಲಿನಿಂದಲೂ ಮಳೆನೀರು ಕುಡಿದು ಬೆಳೆದಳು, ಅವಳ ಹಲ್ಲುಗಳು ಬೆಳ್ಳಗೆ ಹುಟ್ಟಿದವು. ತೊಟ್ಟಿ ತುಂಬಿದ ಮೊದಲ ವರ್ಷ ಅಜ್ಜಿ ಚಿಕಿತ್ಸಾಲಯಕ್ಕೆ ಬಂದು, “ಈಗರ ಅರ್ಧಕ್ಕ ಬತ್ತಿಸಿ ಕುಡೀಲೇನ್ರಿ?” ಎಂದು ಕೇಳಿದರು. ಕುಡಿಯಿರಿ ಎಂದೆ.